ಎರಡನೇ ಭಾಗದಲ್ಲಿ ಅಮ್ಮನ ಚಪ್ಪಲಿ

ಮಾರ್ಚ್ 9, ಭಾನುವಾರ

ಮೊಲಾ,

ನೀನು ಫೋನ್ ಎತ್ತುವುದಿಲ್ಲ. ಮೆಸೇಜು ಕಳಿಸಿದರೆ "ಸರಿ" ಅನ್ನುವುದಕ್ಕಿಂತ ಮುಂದೆ ಹೋಗುವುದಿಲ್ಲ. "ಏನಾದರೂ ಇದ್ದರೆ ಕಾಗದ ಬರಿ ಅಕ್ಕ, ಸ್ಟುಡಿಯೋದಲ್ಲಿ ಫೋನ್ ಬಿಡೋದಿಲ್ಲ" ಅಂದಿದ್ದೆಯಲ್ಲ, ತಗೋ ಕಾಗದ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತು ಊರಿನವರ ದೂರು ಓದಿ ಮುದ್ರೆ ಒತ್ತುತ್ತಾ ಬಂದವಳು ನಾನು. ಇವತ್ತು ನನ್ನದೂ ಒಂದು ಇರಲಿ.

ನಿಮ್ಮ ಸಿನಿಮಾದ ಎರಡನೇ ಭಾಗ ನೋಡಿದೆ. ಬೆಳಗಿನ ಆಟ. ಹಾಲ್ ತುಂಬ ಕಾಲೇಜು ಮಕ್ಕಳು, ನಡುವೆ ಕನ್ನಡಕ, ಕೈಚೀಲ, ಕೊಡೆ ಸಮೇತ ನಾನೊಬ್ಬಳು. ಪಕ್ಕದ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಂಟಿ, ಇದು ಯಾವ ಸಿನಿಮಾ ಅಂತ ಗೊತ್ತು ತಾನೆ?" ಅಂದಳು. "ಗೊತ್ತಮ್ಮ, ಇದರಲ್ಲಿ ಮುರಿಯೋ ಮೂಳೆಯೆಲ್ಲ ನನ್ನ ತಮ್ಮನದೇ" ಅಂದೆ. ಅವಳು ಎದ್ದು ಎರಡು ಸೀಟು ಆಚೆ ಹೋಗಿ ಕೂತಳು.

ಮೊದಲು ಅಭಿಪ್ರಾಯ ಹೇಳಿಬಿಡುತ್ತೇನೆ. ಮೊದಲ ಭಾಗದಲ್ಲಿ ಐದು ಮಕ್ಕಳು ಸತ್ತ ಪಾಳು ಈಜುಕೊಳಕ್ಕೆ ಎರಡನೇ ಭಾಗದಲ್ಲಿ ಏಳು ಮಕ್ಕಳು ಹುಟ್ಟುಹಬ್ಬ ಮಾಡಲು ಹೋಗುತ್ತಾರೆ. ಊರಲ್ಲಿ ಬೇರೆ ಜಾಗವೇ ಇರಲಿಲ್ಲವೇನೋ. ಕರೆಂಟ್ ಹೋದ ಕೂಡಲೇ ಏಳು ಮಂದಿ ಏಳು ದಿಕ್ಕಿಗೆ. ಒಟ್ಟಿಗೆ ಒಂದು ಕಡೆ ನಿಂತಿದ್ದರೆ ಸಿನಿಮಾ ಅರ್ಧ ಗಂಟೆಗೆ ಮುಗಿದು ಎಲ್ಲರೂ ಮನೆ ಸೇರುತ್ತಿದ್ದರು. ಮೊದಲ ಭಾಗದಲ್ಲಿ ಒಂದು ಕೊಲೆಗೆ ಹತ್ತು ನಿಮಿಷ ಹೆದರಿಸುತ್ತಿದ್ದರು. ಇದರಲ್ಲಿ ಹತ್ತು ನಿಮಿಷಕ್ಕೆ ಎರಡು ಕೊಲೆ, ಹೆದರಲು ಪುರುಸೊತ್ತೇ ಕೊಡುವುದಿಲ್ಲ. ರಕ್ತ ಚಿಮ್ಮುವುದನ್ನು ನೋಡಬೇಕು! ನಮ್ಮ ಕಚೇರಿಯಿಂದ ಯಾವ ಬಡಾವಣೆಗೂ ಅಷ್ಟು ಒತ್ತಡದಲ್ಲಿ ನೀರು ಹೋದದ್ದಿಲ್ಲ. ಒಟ್ಟಿನಲ್ಲಿ,

ಏಳು ಮಂದಿ ಒಳಗೆ ಹೋದರು, ಒಬ್ಬಳು ಹೊರಗೆ ಬಂದಳು;
ಆರು ಮಂದಿಗೆ ಇಲ್ಲದ ಬುದ್ಧಿ ಅವಳೆಲ್ಲಿಂದ ತಂದಳು?

ಇನ್ನು ನೀನು ಸ್ಟುಡಿಯೋದಲ್ಲಿ ತರಕಾರಿ ಮುರಿದು, ಚಪ್ಪಲಿ ಮೆಟ್ಟಿ ಚಿತ್ರಕ್ಕೆ ಸೇರಿಸುವ ಸದ್ದು. ಕುತ್ತಿಗೆ ಮುರಿದದ್ದು ಮೂಲಂಗಿ, ಹೊಟ್ಟೆ ಸೀಳಿದ್ದು ಎಲೆಕೋಸು. ಕಣ್ಣು ಮುಚ್ಚಿಕೊಂಡೇ ಗುರುತಿಸಿದೆ. ತರಕಾರಿಗೆ ನೂರಕ್ಕೆ ನೂರು. ಆದರೆ ಆ ಉದ್ದ ಜಡೆಯ ಹುಡುಗಿ ಮೆಟ್ಟಿಲಿಳಿಯುತ್ತಾಳಲ್ಲ, ಅಲ್ಲಿ ಹೆಜ್ಜೆ ಮುಂದೆ, ಸದ್ದು ಹಿಂದೆ. ಕೂದಲೆಳೆಯಷ್ಟು ತಡ. ಮಕ್ಕಳ ಓಟ, ನಡಿಗೆ ಎಲ್ಲ ಹಾಗೇ. ಚಿಕ್ಕಂದಿನಲ್ಲಿ ಎರಡು ಬೀದಿ ಆಚೆ ಅಪ್ಪನ ಸೈಕಲ್ ತಿರುಗಿದ್ದು ಕೇಳಿಸಿಕೊಂಡು ನನ್ನನ್ನು ಪುಸ್ತಕದ ಮುಂದೆ ಕೂರಿಸುತ್ತಿದ್ದವನು ನೀನು. ಮೊಲ ಅಂತ ಹೆಸರು ಬಂದದ್ದೇ ಆ ಕಿವಿಯಿಂದ. ನಿನ್ನ ಕೆಲಸದಲ್ಲಿ ತಡ ಅಂದರೆ ಏನೋ? ಸೋಮಾರಿತನ ಹತ್ತಿತಾ?

ಈಗ ದೂರು. ಕೊಲೆಗಾರನ ಮುಖ ಕೊನೆಯವರೆಗೂ ತೋರಿಸುವುದಿಲ್ಲ. ರೈನ್‌ಕೋಟಿನ ಅಂಚು, ಎರಡು ಪಾದ, ಅಷ್ಟೇ. ಆ ಪಾದ ಮೊದಲ ಸಲ ಓಣಿಯಲ್ಲಿ ನಡೆದು ಬಂತು. ಟಪ್... ಸರ್ರ್... ಟಪ್. ಹಾಲಿನಲ್ಲಿದ್ದ ಮಕ್ಕಳೆಲ್ಲ ಕಿರುಚಿದರು. ನಾನು "ಬಂದೆ ಅಮ್ಮಾ" ಅಂದೆ. ಬಾಯಿಂದ ಬಂದೇಬಿಟ್ಟಿತು.

ಅಮ್ಮನ ಎಡಗಾಲು ಒಂದು ಬೆರಳಿನಷ್ಟು ಗಿಡ್ಡ ಅಂತ ಆ ಕಾಲಿನ ಚಪ್ಪಲಿಗೆ ಎರಡು ಅಟ್ಟೆ ಹೊಲಿಸಿದ್ದು. ಮನೆಯೊಳಗೂ ಅದೇ. ಆ ಸದ್ದು ಇಡೀ ಜಗತ್ತಿನಲ್ಲಿ ಒಂದೇ ಜೋಡಿಯದು. ಆ ಜೋಡಿ ಹೋದ ವರ್ಷ ಅಮ್ಮ ತೀರಿಕೊಂಡ ದಿನ ನೀನು ಕಾಗದದಲ್ಲಿ ಸುತ್ತಿ ಒಯ್ದದ್ದು. ಕೊಲೆಗಾರನ ಕಾಲಿಗೆ ಅಮ್ಮನನ್ನು ಕಟ್ಟಿಬಿಟ್ಟೆಯಲ್ಲೋ! ಯಾಕೆ ಅಂತ ಬರಿ.

ಅಕ್ಕ

---

ಮಾರ್ಚ್ 18, ಮಂಗಳವಾರ

ಅಕ್ಕನಿಗೆ ನಮಸ್ಕಾರ.

ಕಾಗದ ತಲುಪಿತು. ಕುತ್ತಿಗೆಯದು ಮೂಲಂಗಿ ಅಲ್ಲ, ಹಸಿ ಕ್ಯಾರೆಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಿರುಚಿದ್ದು. ಎಲೆಕೋಸು ಸರಿ. ಕಣ್ಣಿನದಕ್ಕೆ ದ್ರಾಕ್ಷಿ, ಅದನ್ನು ನೀನು ಬರೆದಿಲ್ಲ.

ಹೆಜ್ಜೆ ತಡವಾದದ್ದು ಮಿಕ್ಸಿಂಗಿನಲ್ಲಿ ಆಗಿರಬೇಕು. ಅವಸರದ ಕೆಲಸ.

ಕೊಲೆಗಾರನ ನಡಿಗೆ ನಿರ್ದೇಶಕರಿಗೆ ಬಹಳ ಹಿಡಿಸಿತು. "ಇಂಥದ್ದು ನಾನು ಕೇಳೇ ಇರಲಿಲ್ಲ" ಅಂದರಂತೆ. ಹತ್ತು ಜೊತೆ ಶೂ ಹಾಕಿ ನೋಡಿದೆ, ಯಾವುದೂ ಆಗಲಿಲ್ಲ, ಕೊನೆಗೆ ಅದು ಕೈಗೆ ಸಿಕ್ಕಿತು. ಅಷ್ಟೇ ಅಕ್ಕ, ಬೇರೇನೂ ಇಲ್ಲ. ನೀನು ತಲೆ ಕೆಡಿಸಿಕೊಳ್ಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಫೋನ್ ಮಾಡಬೇಡ, ಇಲ್ಲಿ ಸಿಗ್ನಲ್ ಸರಿಯಿಲ್ಲ.

ನಿನ್ನ ತಮ್ಮ

---

ಮಾರ್ಚ್ 23, ಭಾನುವಾರ

ತಮ್ಮನಿಗೆ,

ಈ ಕಾಗದದಲ್ಲಿ ಪ್ರಾಸ ಇಲ್ಲ, ಹುಡುಕಬೇಡ.

ಮೊದಲು ಸ್ಟುಡಿಯೋದಲ್ಲಿ ಫೋನ್ ಬಿಡೋದಿಲ್ಲ, ಈಗ ಸಿಗ್ನಲ್ ಇಲ್ಲ. ನಮ್ಮ ವಿಭಾಗಕ್ಕೆ ಇದೇನು ಹೊಸದಾ? ನಾವೂ ಒಂದು ವಾರ ಮೋಟಾರ್ ಕೆಟ್ಟಿದೆ ಅಂತೀವಿ, ಮುಂದಿನ ವಾರ ಪೈಪ್ ಒಡೆದಿದೆ ಅಂತೀವಿ. ಎರಡು ಕಾರಣ ಕೊಟ್ಟರು ಅಂದರೆ ಎರಡೂ ಸುಳ್ಳು ಅಂತ ಜನಕ್ಕೆ ಗೊತ್ತಿರುತ್ತದೆ.

"ಕೈಗೆ ಸಿಕ್ಕಿತು" ಅಂತ ಬರೆದಿದ್ದೀಯ. ಕೈಗೆ ಸಿಗಲು ಅದೇನು ಕ್ಯಾರೆಟ್ಟಾ? ಆಸ್ಪತ್ರೆಯಲ್ಲಿ ಕೊನೆಯ ದಿನ ಅಮ್ಮ ನಿನ್ನ ಹತ್ತಿರ ಮಾತಾಡಿದಳು. ನಾನು ಮಂಚದ ಈಚೆ ಕೂತಿದ್ದೆ, ನೀನು ಆಚೆ. ಹಗಲೂ ರಾತ್ರಿ ಜೊತೆಗಿದ್ದವಳು ನಾನು, ಆದರೆ ಅವಳು ತಿರುಗಿದ್ದು ನಿನ್ನ ಕಡೆ, ಹೇಳಿದ್ದು ನಿನಗೆ. ನೀನು "ಹೂಂ ಅಮ್ಮ" ಅಂದೆ. ನನ್ನ ಈ ಎರಡು ಕಿವಿಯಿಂದ ಕೇಳಿದ್ದೇನೆ. ಹೂಂ ಅಂದವನು ಮಾಡುವ ಕೆಲಸವಾ ಇದು?

ನಿನ್ನ ಸಿಟ್ಟು ಏನು ಅಂತ ನನಗೆ ತಿಳಿಯದ್ದಲ್ಲ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ನಿನಗೆ ಹೇಳಲು ಒಂದು ದಿನ ತಡ ಮಾಡಿದೆ. "ಅವನಿಗೆ ಕೆಲಸ ಇರುತ್ತೆ, ಸುಮ್ಮನೆ ಗಾಬರಿ ಮಾಡಬೇಡ" ಅಂದವಳು ಅವಳೇ. ಆದರೂ ತಪ್ಪು ನನ್ನದೇ, ಒಪ್ಪಿಕೊಂಡೆ. ಬೈಯಿ. ನಾಲ್ಕು ಪುಟ ಬೈದು ಬರಿ, ಓದುತ್ತೇನೆ. ಬೈಗುಳ ಓದುವುದು ನನಗೆ ರೂಢಿ. ಒಂದು ವರ್ಷದಿಂದ ಹೀಗೆ ಮಾತು ಬಿಟ್ಟು ಕೂರಬೇಡ. ಮನೆಯಲ್ಲಿ ಈಗ ಬಾಯಿ ಬಿಡುವುದು ಫ್ರಿಜ್ ಒಂದೇ, ಅದೂ ಮೋಟಾರ್ ಶುರುವಾದಾಗ. ಅಮ್ಮ ಹೋದಳು. ನೀನು ಇದ್ದೂ ಇಲ್ಲದ ಹಾಗಾದರೆ ನನಗೆ ಅಂತ ಯಾರಿದ್ದಾರೆ ಹೇಳು.

ಅಕ್ಕ

---

ಏಪ್ರಿಲ್ 6, ಭಾನುವಾರ

ಮೊಲಾ,

ಎರಡು ವಾರ ಆಯಿತು, ಉತ್ತರವಿಲ್ಲ. ನನ್ನ ನಂಬರ್ ನೋಡಿದರೆ ನೀನು ಎತ್ತುವುದಿಲ್ಲ ಅಂತ ಗುರುವಾರ ಕಚೇರಿಯ ಫೋನಿನಿಂದ ಮಾಡಿದೆ. ಎತ್ತಿದೆ. "ಮೊಲಾ, ನಾನು ಕಣೋ, ಅಕ್ಕ" ಅಂದೆ. "ಹಾಂ ಸರ್, ಆಯ್ತು ಸರ್, ನಾಳೆ ಬಂದು ನೋಡ್ತೀನಿ ಸರ್" ಅಂದು ಇಟ್ಟುಬಿಟ್ಟೆ. ಪಕ್ಕದ ಮೇಜಿನವರು "ಏನಂದ್ರು ತಮ್ಮ?" ಅಂತ ಕೇಳಿದರು. "ನಾಳೆ ಬರ್ತಾನಂತೆ" ಅಂದೆ. ಇನ್ನೇನು ಹೇಳಲಿ? ಶುಕ್ರವಾರ ಅವರು ಬಾಗಿಲ ಕಡೆ ಎರಡು ಸಲ ನೋಡಿದರು. ನಾನು ಮೂರು ಸಲ. ಅಕ್ಕನನ್ನು ಸರ್ ಮಾಡಿ ತಪ್ಪಿಸಿಕೊಳ್ಳುವಷ್ಟು ಬೇಡವಾದೆನಾ?

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಆ ಸಿನಿಮಾಕ್ಕೆ ಮತ್ತೆ ಹೋದೆ. ಎರಡನೇ ಸಲ ಹೋದದ್ದು ದೂರಿಗೆ ಸಾಕ್ಷಿ ಬೇಕು ಅಂತ. ಮೂರನೇ ಸಲ, ಸಾಕ್ಷಿ ಸಾಲದು ಅಂತ. ಆಮೇಲೆ ನೆಪ ಮುಗಿಯಿತು, ಹೋಗುವುದು ಮುಗಿಯಲಿಲ್ಲ. ಇವತ್ತಿಗೆ ಏಳು ಸಲ. ಟಿಕೆಟ್ ಹರಿಯುವವರು ಇವತ್ತು ತಡೆಯಲಾರದೆ, "ನಿಮ್ಮ ಮಗ ಏನಾದರೂ ಇದರಲ್ಲಿ ಆ್ಯಕ್ಟ್ ಮಾಡಿದ್ದಾನಾ ಮೇಡಂ?" ಅಂದರು. "ಇಲ್ಲ, ನಮ್ಮ ತಾಯಿ ಇದ್ದಾರೆ" ಅಂದೆ. ಪಾಪ, ಪೋಸ್ಟರಿನಲ್ಲಿ ಹುಡುಕಿದರು. ಎಲ್ಲ ಹದಿನೆಂಟರ ಮುಖಗಳು.

ಸಿನಿಮಾದಲ್ಲಿ ಅಮ್ಮ ಒಂಬತ್ತು ಕಡೆ ನಡೆಯುತ್ತಾಳೆ. ಒಟ್ಟು ಸೇರಿಸಿದರೆ ನಾಲ್ಕು ನಿಮಿಷ. ಆಗೆಲ್ಲ ಕಣ್ಣು ಮುಚ್ಚಿ ಕೂರುತ್ತೇನೆ. ತೆರೆಯ ಮೇಲೆ ಅವರು ಯಾರನ್ನೋ ಕತ್ತರಿಸುತ್ತಿರುತ್ತಾರೆ, ಕತ್ತರಿಸಿಕೊಳ್ಳಲಿ. ನನಗೆ ಅಮ್ಮ ಅಡುಗೆಮನೆಯಿಂದ ಹೊರಬಾಗಿಲಿಗೆ ಬರುವುದು ಕೇಳಿಸುತ್ತದೆ. ಐದನೇ ನಡಿಗೆಯಲ್ಲಿ ಒಂದು ಬಾಗಿಲ ಮುಂದೆ ನಿಲ್ಲುತ್ತಾಳೆ ನೋಡು, ಅಲ್ಲಿ ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುತ್ತಾರೆ. ನಾನು, ಈಗ ಕರೆಯುತ್ತಾಳೆ, ಈಗ ಕರೆಯುತ್ತಾಳೆ ಅಂತ ಕಾಯುತ್ತೇನೆ. ಹಾಲಿಗೆಲ್ಲ ಭಯ, ನನಗೊಬ್ಬಳಿಗೆ ಅಭಯ. ಕೊನೆಯಲ್ಲಿ ಮುಖವಾಡ ತೆಗೆದು, ಈಜು ಕಲಿಸುವ ಮೇಷ್ಟ್ರೇ ಕೊಲೆಗಾರ ಅಂತ ತೋರಿಸುತ್ತಾರೆ. ಅಷ್ಟರೊಳಗೆ ಎದ್ದು ಬಂದುಬಿಡುತ್ತೇನೆ. ಆ ಮುಖ ನನಗೆ ಬೇಡ.

ಒಂದು ಮಾತ್ರ ಅರ್ಥವಾಗುತ್ತಿಲ್ಲ. ಮಕ್ಕಳ ಹೆಜ್ಜೆ ಎಲ್ಲ ತಡ. ಅಮ್ಮನದು ಒಂದೂ ತಡವಿಲ್ಲ. ಅದು ಹೇಗೋ?

ಇವತ್ತು ಹಾಲಿನಲ್ಲಿ ನಾವು ಹನ್ನೆರಡು ಮಂದಿ. ಶುಕ್ರವಾರ ಸಿನಿಮಾ ತೆಗೆಯುತ್ತಾರಂತೆ. ನನ್ನ ದೂರು ವಾಪಸ್ ತಗೊಂಡಿದ್ದೇನೆ. ಎರಡು ಸಾಲು ಬರಿ.

ಅಕ್ಕ

---

ಏಪ್ರಿಲ್ 13, ಭಾನುವಾರ

ಅಕ್ಕಾ,

ನಾಲ್ಕು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ಗುರುವಾರ ಫೋನಿನಲ್ಲಿದ್ದದ್ದು ನೀನು ಅಂತ ನಿನ್ನ ಕಾಗದ ಓದಿ ಗೊತ್ತಾಯಿತು. ಗೊತ್ತಿಲ್ಲದ ನಂಬರು, ಸ್ಟುಡಿಯೋದವರು ಅಂದುಕೊಂಡೆ. ಯಾರೋ ಮಾತಾಡುತ್ತಿದ್ದಾರೆ ಅನ್ನುವುದು ತಿಳಿಯುತ್ತದೆ, ಏನು ಅನ್ನುವುದು ತಿಳಿಯುವುದಿಲ್ಲ. ಅದಕ್ಕೇ ಎಲ್ಲರಿಗೂ ಅದೇ ಉತ್ತರ, ಆಯ್ತು ಸರ್, ನಾಳೆ ಬರ್ತೀನಿ ಸರ್.

ನನಗೆ ಕಿವಿ ಕೇಳಿಸುವುದಿಲ್ಲ ಅಕ್ಕ. ಎಡಗಡೆ ಎರಡು ವರ್ಷದಿಂದ ಮಂದವಾಗುತ್ತಾ ಬಂದು ಪೂರ್ತಿ ಹೋಯಿತು. ಬಲಗಡೆ ಸ್ವಲ್ಪ ಉಳಿದಿದೆ, ಅದರಲ್ಲೂ ಯಾವಾಗಲೂ ಹಳೇ ಫ್ಯಾನ್ ತಿರುಗಿದ ಹಾಗೆ. ಡಾಕ್ಟರು ನರದ ತೊಂದರೆ, ವಾಪಸ್ ಬರುವುದಿಲ್ಲ ಅಂತ ಚೀಟಿಯಲ್ಲಿ ಬರೆದು ತೋರಿಸಿದರು. ಮೊಲಕ್ಕೆ ಕಿವಿ ಹೋಯಿತು ಅಂತ ಯಾರ ಹತ್ತಿರ ಹೇಳಿಕೊಳ್ಳಲಿ? ಸದ್ದು ಮಾಡುವವನಿಗೆ ಸದ್ದು ಕೇಳಿಸುವುದಿಲ್ಲ ಅಂದರೆ ಮರುದಿನ ಕೆಲಸ ಇರುವುದಿಲ್ಲ. ಗಾಜಿನ ಆಚೆ ಕೂರುವ ರೆಕಾರ್ಡಿಸ್ಟ್ ಮೇಡಂ ಒಬ್ಬರಿಗೆ ಗೊತ್ತಿತ್ತು. ಅವರು ಕೈ ಎತ್ತುತ್ತಾರೆ, ನಾನು ಕಾಲಿಡುತ್ತೇನೆ. ಕೈ ನೋಡಿ ಕಾಲಿಟ್ಟರೆ ಕೂದಲೆಳೆ ತಡ ಆಗಿಯೇ ಆಗುತ್ತದೆ. ಇಷ್ಟು ಜನ ನೋಡಿದರು, ಒಬ್ಬರೂ ಗುರುತಿಸಲಿಲ್ಲ. ನೀನು ಮೊದಲ ದಿನವೇ ಹಿಡಿದೆ. ಆ ಕಾಗದ ಓದಿದವನೇ ಕ್ಯಾರೆಟ್ಟಿನ ಕಥೆ ಬರೆದು ಕಳಿಸಿದೆ.

ಕೊಲೆಗಾರನಿಗೆ ಹತ್ತು ಜೊತೆ ಶೂ ಹಾಕಿ ನೋಡಿದ್ದು ನಿಜ. ಮರಳಿನ ಮೇಲೆ, ಜಲ್ಲಿಯ ಮೇಲೆ, ಟೈಲ್ಸ್ ಮೇಲೆ ನಡೆದೆ. ಯಾವುದರಲ್ಲಿ ಏನು ಸದ್ದು ಬರುತ್ತಿದೆ ಅಂತಲೇ ತಿಳಿಯಲಿಲ್ಲ. ಚೀಲದಲ್ಲಿ ಅಮ್ಮನ ಚಪ್ಪಲಿ ಇತ್ತು, ಯಾವಾಗಲೂ ಇರುತ್ತದೆ. ಹಾಕಿಕೊಂಡೆ. ಹಿಮ್ಮಡಿ ಅರ್ಧ ಹೊರಗೇ ಉಳಿಯಿತು. ಚಿಕ್ಕಂದಿನಲ್ಲಿ ಅವಳ ಹಿಂದೆ ಅವಳ ಹಾಗೇ ಕುಂಟಿ ನಡೆದು ಬೆನ್ನಿಗೆ ಪೆಟ್ಟು ತಿಂದವನಲ್ಲವಾ ನಾನು? ಆ ನಡಿಗೆ ಕಿವಿಯಲ್ಲಿ ಇರಲಿಲ್ಲ ಅಕ್ಕ, ಮೊಣಕಾಲಿನಲ್ಲಿತ್ತು, ಸೊಂಟದಲ್ಲಿತ್ತು. ಕೈ ನೋಡಬೇಕಾಗಲಿಲ್ಲ. ಒಂದೇ ಟೇಕ್. ಮೇಡಂ ಕೈ ಎತ್ತುವುದನ್ನೇ ಮರೆತು ಕೂತಿದ್ದರು. ಒಂದು ವರ್ಷದಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸಿದ ಸದ್ದು ಅದೊಂದೇ. ತೆರೆಯ ಮೇಲೆ ಆ ಕಾಲು ಯಾರದು, ಏನು ಮಾಡಲು ಹೊರಟಿದೆ ಅಂತ ಯೋಚನೆಗೇ ಬರಲಿಲ್ಲ. ಅದು ತಪ್ಪೇ.

ಸಿಟ್ಟು ಯಾವತ್ತೂ ಇರಲಿಲ್ಲ. ನೀನು ಒಂದು ದಿನ ತಡವಾಗಿ ಹೇಳಿದ್ದು ನೀನು ಬರೆದ ಮೇಲೇ ನೆನಪಾಯಿತು. ಇದ್ದದ್ದು ಹೆದರಿಕೆ. ಆಸ್ಪತ್ರೆಯಲ್ಲಿ ಅಮ್ಮನ ತುಟಿ ಆಡಿತು. ನನ್ನ ಎಡಗಿವಿ ಅವಳ ಕಡೆಗಿತ್ತು. "ಏನಮ್ಮ?" ಅಂತ ಮತ್ತೆ ಕೇಳಿದ್ದರೆ ನನ್ನ ಕಿವಿಯ ವಿಷಯ ನಿಮ್ಮಿಬ್ಬರಿಗೂ ಗೊತ್ತಾಗಿಬಿಡುತ್ತಿತ್ತು. ಹೋಗುವ ಹೊತ್ತಿನಲ್ಲಿ ಅವಳಿಗೆ ಆ ಚಿಂತೆ ಯಾಕೆ ಅಂತ "ಹೂಂ ಅಮ್ಮ" ಅಂದುಬಿಟ್ಟೆ. ಎರಡು ಗಂಟೆ ಕಳೆದು ಅವಳಿಲ್ಲ. ಅವತ್ತಿನಿಂದ ನಿನ್ನನ್ನು ಕೇಳಬೇಕು, ಕೇಳಬೇಕು ಅಂತಲೇ ಇದ್ದೇನೆ. ಕೇಳಿದರೆ, ಎದುರಿಗೇ ಇದ್ದೆಯಲ್ಲ ಅಂತೀಯ. ಹಾಗಾಗಿ ದೂರ ಇದ್ದುಬಿಟ್ಟೆ. ನಿನ್ನ ಮಾರ್ಚ್ ತಿಂಗಳ ಎರಡನೇ ಕಾಗದ ಬಂದಾಗ ಅದನ್ನೇ ಮೂರು ಸಲ ಓದಿದೆ. ಯಾವುದಕ್ಕೋ ಹೂಂ ಅಂದು ಅದನ್ನೇ ಮುರಿದಿದ್ದೇನೆ ಅಂತ ಗೊತ್ತಾಯಿತು. ಯಾವುದನ್ನು ಅಂತ ಗೊತ್ತಾಗಲಿಲ್ಲ.

ಮೂರನೇ ಭಾಗಕ್ಕೆ ಕರೆದರು. ಕಿವಿಯ ವಿಷಯ ಹೇಳಿಯೇ ಬೇಡ ಅಂದೆ. ಈಗ ಮನೆಯಲ್ಲೇ ಇದ್ದೇನೆ. ಮೂರನೇ ಮಹಡಿ, ಮರದ ಮೆಟ್ಟಿಲು, ಮರದ ನೆಲ. ಯಾರಾದರೂ ಹತ್ತಿ ಬಂದರೆ ಅಂಗಾಲಿಗೆ ತಿಳಿಯುತ್ತದೆ. ಸದ್ಯಕ್ಕೆ ನನ್ನ ಕಿವಿ ಅದೇ.

ಅಮ್ಮ ನನಗೆ ಏನು ಹೇಳಿದಳು ಅಕ್ಕ? ಏನೇ ಇದ್ದರೂ ಇದ್ದ ಹಾಗೇ ಬರಿ.

ಮೊಲ

---

ಏಪ್ರಿಲ್ 19, ಶನಿವಾರ

ನನ್ನ ಮೊಲಾ,

ನಿನ್ನ ಕಾಗದ ಬುಧವಾರ ಬಂತು. ಕಚೇರಿಯಲ್ಲಿ ಓದಿದ್ದೇ ತಪ್ಪಾಯಿತು. ಆಮೇಲೆ ಬಂದ ಮೂವತ್ತು ದೂರಿಗೂ ಮುದ್ರೆಯನ್ನು ತಲೆಕೆಳಗೆ ಒತ್ತಿದ್ದೇನಂತೆ. ಪಕ್ಕದ ಮೇಜಿನವರು ನನ್ನ ಕೈಯಿಂದ ಮುದ್ರೆ ತಗೊಂಡು ಉಳಿದದ್ದು ಅವರೇ ಒತ್ತಿದರು.

ನಾನೆಂಥ ಓದುವವಳು! ನಿನ್ನ ಮೊದಲ ಕಾಗದದಲ್ಲೇ ಇತ್ತು, ನಿರ್ದೇಶಕರು ಹೀಗೆ "ಅಂದರಂತೆ". ನಿನ್ನ ಎದುರೇ ಹೇಳಿದ್ದನ್ನು ಇನ್ನೊಬ್ಬರಿಂದ ತಿಳಿದುಕೊಂಡಿದ್ದೀಯ. ಇಪ್ಪತ್ತೆರಡು ವರ್ಷ ಸಾಲುಗಳ ನಡುವೆ ಓದಿ ಸಂಬಳ ತಗೊಂಡವಳಿಗೆ ತಮ್ಮನ ಸಾಲು ಓದಲು ಬರಲಿಲ್ಲ.

ನೀನು ಕೇಳಿದ್ದು ಬರೆಯುತ್ತೇನೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಮ್ಮ ಹೇಳಿದ್ದು ಇಷ್ಟು: "ಮೊಲಾ, ನನ್ನ ಚಪ್ಪಲಿ ಎತ್ತಿಟ್ಕೊಳೋ. ಗುಡಿಸೋಳು ಮಂಚದಡಿಗೆ ತಳ್ಳಿಬಿಡ್ತಾಳೆ. ನಾಳೆ ನಡೀಬೇಕು ನಾನು."

ಅಷ್ಟೇ. ದೊಡ್ಡ ಮಾತೇನೂ ಇಲ್ಲ. ಅಕ್ಕನನ್ನು ನೋಡಿಕೋ ಅಂತಲೂ ಇಲ್ಲ. ಅದಕ್ಕೆ ನನಗೆ ಈಗಲೂ ಒಂಚೂರು ಬೇಜಾರಿದೆ.

ಎಲ್ಲ ಮುಗಿದ ಮೇಲೆ ನೀನು ಬಗ್ಗಿ, ಮಂಚದಡಿ ಕೈ ಹಾಕಿ ಅದನ್ನು ತೆಗೆದೆ. ಸೆರಗಿನಲ್ಲಿ ಒರೆಸುವ ಹಾಗೆ ನಿನ್ನ ಅಂಗಿಯ ತುದಿಯಿಂದ ಒರೆಸಿ ಕಾಗದದಲ್ಲಿ ಸುತ್ತಿದೆ. ಅಮ್ಮ ಹೇಳಿದ್ದನ್ನು ಮಾಡುತ್ತಿದ್ದೀಯ ಅಂತ ನಾನು ಅಂದುಕೊಂಡೆ. ಆದ್ದರಿಂದಲೇ ಸಿನಿಮಾ ನೋಡಿ ಅಷ್ಟು ಉರಿಯಿತು. ಕೇಳಿಸದೆಯೇ ಎತ್ತಿಕೊಂಡೆಯಲ್ಲೋ ನೀನು! ಎತ್ತಿಟ್ಟುಕೋ ಅಂದಳು, ಎತ್ತಿಟ್ಟುಕೊಂಡೆ. ನಡೀಬೇಕು ಅಂದಳು, ನಡೆಸಿದೆ. ನಾಳೆ ಅಂದದ್ದು ಒಂದು ವರ್ಷ ತಡವಾಯಿತು, ಅದು ನಮ್ಮ ಮನೆಯಲ್ಲಿ ಮಾಮೂಲು. ನೀನು ಯಾವ ಮಾತೂ ಮುರಿದಿಲ್ಲ.

ಕೊನೆಯ ಆಟಕ್ಕೂ ಹೋಗಿದ್ದೆ. ಹಾಲಿನಲ್ಲಿ ಮೂರೇ ಜನ. ಶುಕ್ರವಾರ ಪೋಸ್ಟರ್ ಕಿತ್ತರು. ಆಮೇಲಿನ ಐದು ದಿನ ಮನೆಯಲ್ಲಿ ನಾನು ರೇಡಿಯೋ ಹಾಕಲಿಲ್ಲ, ಟಿವಿ ಹಾಕಲಿಲ್ಲ. ನೀನು ಹೇಗಿರುತ್ತೀಯೋ ಹಾಗಿದ್ದೆ ಅಂತ ಈಗ ಅನ್ನಿಸುತ್ತದೆ.

ಮೂರನೇ ಭಾಗ ಬಿಟ್ಟದ್ದು ಒಳ್ಳೆಯದೇ ಆಯಿತು.

ಹನ್ನೊಂದು ಮಕ್ಕಳು ಸತ್ತರು ಸೇರಿ ಎರಡು ಭಾಗ;
ಉಳಿದ ನಾವಿಬ್ಬರು ಕೂರಲು ಸಾಕು ಒಂದು ಜಾಗ.

ಹತ್ತು ದಿನ ರಜೆ ಹಾಕಿದ್ದೇನೆ. ಬರುವ ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ನಿನ್ನ ಮನೆಗೆ ಬರುತ್ತೇನೆ. ಬೆಲ್ ಒತ್ತುವುದಿಲ್ಲ, ಬಾಗಿಲು ತಟ್ಟುವುದಿಲ್ಲ. ನೀನು ಬರಿಗಾಲಲ್ಲಿ ಬಾಗಿಲ ಹತ್ತಿರ ನಿಂತಿರು. ಮೂರು ಮಹಡಿಯೂ ಅಮ್ಮನ ಹಾಗೆ ಹತ್ತುತ್ತೇನೆ. ಬಲ ಜೋರು, ಎಡ ಎಳೆತ. ನಾಲ್ಕು ದಿನದಿಂದ ಅಡುಗೆಮನೆಯಲ್ಲಿ ಅಭ್ಯಾಸ ನಡೆದಿದೆ. ಕೆಳಗಿನ ಮನೆಯವರು ಮೇಲೆ ಬಂದು "ಕಾಲಿಗೆ ಏನಾಯ್ತು?" ಅಂತ ಎಣ್ಣೆ ಶೀಶೆ ಕೊಟ್ಟು ಹೋದರು. ನಿನ್ನಷ್ಟು ಚೆನ್ನಾಗಿ ಬರುವುದಿಲ್ಲ, ಕೂದಲೆಳೆ ತಡವಾದರೆ ದೂರು ಬರೆಯಬೇಡ.

ಅಂಗಾಲಿಗೆ ತಿಳಿದ ಕೂಡಲೇ ಬಾಗಿಲು ತೆಗಿ. "ಬಂದೆ ಅಮ್ಮಾ" ಅನ್ನಬೇಕಾಗಿಲ್ಲ. ಅಂದರೂ ನಾನೇನೂ ಅಂದುಕೊಳ್ಳುವುದಿಲ್ಲ.

ಅಕ್ಕ